ಮೊದಲು ಚೌಕಟ್ಟು ಗಟ್ಟಿಯಾಗಲಿ, ಆಮೇಲೆ ಅಲಾರಂ ಕೂಗಲಿ

ಮನೆಯ ಭದ್ರತೆಗೆಂದು ಹಣ ಎತ್ತಿಟ್ಟವರಲ್ಲಿ ಅನೇಕರು ಮೊದಲು ಅಲಾರಂ ಕೊಳ್ಳುತ್ತಾರೆ. ಬಾಗಿಲ ಚೌಕಟ್ಟಿನ ಕಡೆ ಕಣ್ಣು ಹಾಯಿಸುವುದು ಅದು ಸೀಳಿಹೋದ ಮೇಲೆ. ಅಲಾರಂ ಯಾರನ್ನೂ ತಡೆಯುವುದಿಲ್ಲ, ಸುದ್ದಿ ಮುಟ್ಟಿಸುತ್ತದೆ ಅಷ್ಟೆ. ತಡೆಯುವ ಕೆಲಸ ಬಾಗಿಲು ಮತ್ತು ಬೀಗದ್ದು, ಅದೂ ಕೆಲವೇ ನಿಮಿಷಗಳ ಮಟ್ಟಿಗೆ. ಯುರೋಪಿನ ಇಎನ್ 1627 ಮಾನಕದ ಪ್ರಕಾರ ಆರ್‌ಸಿ 2 ದರ್ಜೆಯ ಬಾಗಿಲು ನಿಗದಿತ ಸಲಕರಣೆಗಳ ದಾಳಿಯನ್ನು 3 ನಿಮಿಷ, ಆರ್‌ಸಿ 3 ದರ್ಜೆಯದು 5 ನಿಮಿಷ ತಾಳಿಕೊಂಡರೆ ಸಾಕು.

ಹಂತ 1: ಬಾಗಿಲನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಬಾಗಿಲನ್ನೇ ಬದಲಿಸಿ. ಅದಕ್ಕೆ ಬೀಗ ಆರಿಸುತ್ತ ಕೂರುವುದು ವ್ಯರ್ಥ.

ಹಂತ 2: ಅಗುಳಿ ಕನಿಷ್ಠ 25 ಮಿ.ಮೀ. ಹೊರಚಾಚುವ ಡೆಡ್‌ಬೋಲ್ಟ್, ಅಂದರೆ ಕೀಲಿಕೈ ಅಥವಾ ಹಿಡಿ ತಿರುಗಿಸಿದರಷ್ಟೇ ಅಗುಳಿ ಸರಿಯುವ ಬೀಗ, ಹಾಕಿಸಿ. ಎಳೆದೊಡನೆ ತಾನಾಗಿ ಕೂರುವ ಸ್ಪ್ರಿಂಗ್ ಚಿಲಕ ಒಂದು ತೆಳು ಪ್ಲಾಸ್ಟಿಕ್ ಹಾಳೆಗೆ ಸೋಲುತ್ತದೆ. ಒಳಗಿನಿಂದ ಕೀಲಿಕೈ ಇಲ್ಲದೆ ತೆರೆಯುವ ಹಿಡಿ ಇರಲೇಬೇಕು, ಏಕೆಂದರೆ ಬೆಂಕಿ ಬಿದ್ದಾಗ ಕೀಲಿಕೈ ಹುಡುಕಲು ಸಮಯವಿರುವುದಿಲ್ಲ.

ಹಂತ 3: ಕೆಲಸ ಕೆಡುವುದು ಇಲ್ಲಿ. ಅಗುಳಿ ಹೊಗುವ ಲೋಹದ ಪಟ್ಟಿಗೆ, ಅಂದರೆ ಸ್ಟ್ರೈಕ್ ಪ್ಲೇಟಿಗೆ, ಬೀಗದ ಪೆಟ್ಟಿಗೆಯಲ್ಲಿ ಬಂದ ಗಿಡ್ಡ ಸ್ಕ್ರೂಗಳನ್ನೇ ತಿರುಗಿಸಿ ಎದ್ದುಬಿಡುವವರೇ ಹೆಚ್ಚು. ಒದ್ದಾಗ ಬಲವೆಲ್ಲ ಬೀಳುವುದು ಆ ಪಟ್ಟಿಯ ಮೇಲೆ. ಸ್ಕ್ರೂ ಚೌಕಟ್ಟಿನ ಮರವನ್ನಷ್ಟೇ ಹಿಡಿದಿದ್ದರೆ, ಎಷ್ಟೇ ದುಬಾರಿ ಬೀಗವಿದ್ದರೂ ಮರ ಎಳೆಗುಂಟ ಸೀಳುತ್ತದೆ. ಅಗುಳಿಯ ತುದಿಗೆ ಸೀಮೆಸುಣ್ಣ ಬಳಿದು, ಬಾಗಿಲು ಮುಚ್ಚಿ ಕೀಲಿಕೈ ತಿರುಗಿಸಿದರೆ ಚೌಕಟ್ಟಿನ ಮೇಲೆ ಗುರುತು ಮೂಡುತ್ತದೆ. ಅಲ್ಲಿ ಅಗುಳಿಯ ಪೂರ್ತಿ ಉದ್ದಕ್ಕಿಂತ ತುಸು ಆಳವಾಗಿ ಕೊರೆಯಿರಿ; ಪೂರ್ತಿ ಹೊರಬಾರದ ಅಗುಳಿ ಬಿಗಿಯಾಗಿ ನಿಲ್ಲದೆ ಹಿಂದಕ್ಕೆ ಸರಿಯುತ್ತದೆ. ಪಟ್ಟಿಯ ದಪ್ಪದಷ್ಟೇ ಉಳಿಯಿಂದ ಕೆತ್ತಿ, ಅದನ್ನು ಮರದ ಮಟ್ಟಕ್ಕೆ ಕೂರಿಸಿ. ಸ್ಕ್ರೂ ತಿರುಗಿಸುವ ಮೊದಲು ಚೌಕಟ್ಟಿಗೂ ಗೋಡೆಗೂ ನಡುವೆ ಟೊಳ್ಳಿದೆಯೇ ನೋಡಿ, ಇದ್ದರೆ ಗಟ್ಟಿ ಮರದ ಚಕ್ಕೆ ತುಂಬಿ. ಇಲ್ಲವಾದರೆ ಉದ್ದ ಸ್ಕ್ರೂ ಬಿಗಿದಂತೆಲ್ಲ ಚೌಕಟ್ಟು ಗೋಡೆಯತ್ತ ಬಾಗಿ, ಬಾಗಿಲಿನ ಸಂದು ಹಿಗ್ಗಿ, ಅಗುಳಿಗೆ ಸಿಗುವ ಹಿಡಿತ ಕಡಿಮೆಯಾಗುತ್ತದೆ. ಮರದ ಗೋಡೆಯಾದರೆ 75 ಮಿ.ಮೀ. ಸ್ಕ್ರೂ ಒಳಗಿನ ಕಂಬವನ್ನು ಮುಟ್ಟಬೇಕು. ಇಟ್ಟಿಗೆ ಅಥವಾ ಕಾಂಕ್ರೀಟಾದರೆ ಚೌಕಟ್ಟನ್ನು ಹಾದು ಗೋಡೆಯಲ್ಲಿ ಬಿಗಿಯುವ ಆಂಕರ್ ಬೋಲ್ಟ್ ಬೇಕು. ಸ್ಕ್ರೂವಿಗಿಂತ ಸಣ್ಣ ತೂತನ್ನು ಮೊದಲೇ ಕೊರೆದುಕೊಂಡರೆ ಮರ ಸೀಳುವುದಿಲ್ಲ. ಕೊನೆಗೆ ಬಾಗಿಲನ್ನು ಎತ್ತಿಯೋ ತಳ್ಳಿಯೋ ಬೀಗ ಹಾಕಬೇಕಾದರೆ ಪಟ್ಟಿಯ ತೂತನ್ನು ಅರದಿಂದ ಹಿಗ್ಗಿಸುವ ಅಡ್ಡದಾರಿ ಬೇಡ. ಹಳೆಯ ತೂತುಗಳಿಗೆ ಅಂಟು ಹಚ್ಚಿದ ಮರದ ಗೂಟ ಬಡಿದು, ಪಟ್ಟಿಯನ್ನೇ ಸರಿಸಿ.

ಹಂತ 4: ಕೀಲುಗಳಿಗೂ ಉದ್ದ ಸ್ಕ್ರೂ ಹಾಕಿ. ಹಿತ್ತಿಲ ಬಾಗಿಲಿಗೂ ಇದೇ ಕ್ರಮ.

ಹಂತ 5: ಅಲಾರಮ್ಮಿನ ಸರದಿ ಈಗ. ಅದು ಕೂಗಿದ ನಂತರ ಬಾಗಿಲು ಎಷ್ಟು ಹೊತ್ತು ತಡೆಯುತ್ತದೆಯೋ ಅಷ್ಟೇ ಹೊತ್ತು ನಿಮ್ಮ ಲೆಕ್ಕಕ್ಕೆ ಬರುತ್ತದೆ. ಬಾಗಿಲಿಗೆ ಹಚ್ಚುವ ಅಯಸ್ಕಾಂತದ ಸಂವೇದಕ ಬಾಗಿಲು ತೆರೆದ ಮೇಲೆ, ದೇಹದ ಶಾಖದಿಂದ ಕೋಣೆಯ ಚಲನೆ ಗುರುತಿಸುವ ಪಿಐಆರ್ ಸಂವೇದಕ, ಆಳು ಒಳಬಂದ ಮೇಲೆ ಎಚ್ಚರಗೊಳ್ಳುತ್ತವೆ. ಅಷ್ಟರಲ್ಲಿ ಬೀಗ ಗಳಿಸಿಕೊಟ್ಟ ನಿಮಿಷಗಳು ಮುಗಿದಿರುತ್ತವೆ. ಆದ್ದರಿಂದ ಒಂದನ್ನೇ ಕೊಳ್ಳುವುದಾದರೆ, ಪೆಟ್ಟು ಬಿದ್ದೊಡನೆ ಕೂಗುವ ಕಂಪನ ಸಂವೇದಕವನ್ನು ಕೊಂಡು ಚೌಕಟ್ಟಿಗೆ ಕೂರಿಸಿ. ಪಿಐಆರ್ ಕೂಡ ಇದ್ದರೆ, ಬರುವವನು ಅದರ ಮುಂದೆ ಅಡ್ಡಹಾಯುವಂತೆ ಮೂಲೆಯಲ್ಲಿಡಿ, ನೇರ ಎದುರಿಗೆ ಬರುವವನನ್ನು ಅದು ತಡವಾಗಿ ಗುರುತಿಸುತ್ತದೆ. ಕಿಟಕಿಯ ಗಾಜಿನಾಚೆಗಿನ ದೇಹದ ಶಾಖ ಅದಕ್ಕೆ ಕಾಣುವುದಿಲ್ಲ. ತನ್ನ ಮೈಮೇಲೆಯೇ ಆರಿಸುವ ಗುಂಡಿಯಿರುವ ಅಂಟಿಸುವ ಅಲಾರಂ ಮತ್ತು ಖಾಲಿ ಡಬ್ಬಿಯ ನಕಲಿ ಕ್ಯಾಮೆರಾ ಎರಡನ್ನೂ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಕಾರಣವಿಲ್ಲದೆ ಕೂಗುವ ಸೈರನ್ನಿಗೆ ನೆರೆಯವರು ಕೆಲವೇ ದಿನಗಳಲ್ಲಿ ಕಿವುಡಾಗುತ್ತಾರೆ. ಸಂವೇದಕದ ಸೂಕ್ಷ್ಮತೆಯನ್ನು ಕೈಯಾರೆ ಹೊಂದಿಸಿ. ಬಾಗಿಲು ಮುಚ್ಚಿ, ಅತಿಥಿಯಂತೆ ತಟ್ಟಿದಾಗ ಅದು ಸುಮ್ಮನಿರಬೇಕು. ಮುಷ್ಟಿಯಿಂದ ಚೌಕಟ್ಟಿಗೆ ಗುದ್ದಿದಾಗ ಕೂಗಬೇಕು. ಬ್ಯಾಟರಿ ಬದಲಿಸಿದಾಗಲೆಲ್ಲ ಈ ಪರೀಕ್ಷೆಯನ್ನು ಮತ್ತೆ ಮಾಡಿ.