ಮಕ್ಕಳ ತಲೆಯ ಹೇನಿಗೆ ಬೇವು, ಸೀತಾಫಲ, ಸೀರಣಿಗೆ

ಚಿತ್ರದುರ್ಗಕ್ಕೆ ಹೊಸದಾಗಿ ಬಂದ ಕುಟುಂಬದ ಮಗು ಶಾಲೆ ಸೇರಿದ ಮೇಲೆ ತಲೆ ಕೆರೆದುಕೊಳ್ಳತೊಡಗಿದರೆ ಗಾಬರಿ ಬೇಡ, ನಾಚಿಕೆಯಂತೂ ಬೇಡವೇ ಬೇಡ. ಹೇನು ಕೊಳಕಿನಿಂದ ಹುಟ್ಟುವುದಿಲ್ಲ. ತಲೆಗೆ ತಲೆ ತಾಗಿದಾಗ ಹರಿದು ಬರುತ್ತದೆ. ಅದು ಹಾರುವುದೂ ಇಲ್ಲ, ಜಿಗಿಯುವುದೂ ಇಲ್ಲ. ಹೆಣ್ಣುಮಕ್ಕಳ ತಲೆ ಬೋಳಿಸಿ ಅಳಿಸಬೇಡಿ.

ನೆರೆಮನೆಯ ಹಿರಿಯರು ಮೊದಲು ಹೇಳುವುದು ಬೇವನ್ನು. ಈ ಬಯಲುಸೀಮೆಯಲ್ಲಿ ಬೇವಿನ ಮರಕ್ಕೆ ಬರವಿಲ್ಲ. ಎಲೆಯನ್ನು ನುಣ್ಣಗೆ ಅರೆದು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಸೀಗೆಕಾಯಿಯಿಂದ ತೊಳೆಯುತ್ತಾರೆ. ಬೇವಿನ ಎಣ್ಣೆಯನ್ನು ಕೊಬ್ಬರಿ ಎಣ್ಣೆಗೆ ಬೆರೆಸಿ ಹಚ್ಚುವವರೂ ಇದ್ದಾರೆ. ಹಚ್ಚಿ, ಆದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಕೂದಲಿಗೆ ಕಚ್ಚಿಕೊಂಡ ಸೀರು, ಅಂದರೆ ಹೇನಿನ ಮೊಟ್ಟೆ, ಇದಕ್ಕೆಲ್ಲ ಸುಲಭವಾಗಿ ಜಗ್ಗುವುದಿಲ್ಲ. 7ರಿಂದ 10 ದಿನಗಳಲ್ಲಿ ಒಡೆದು ಮತ್ತೆ ಮರಿಯಾಗುತ್ತದೆ. ದಿಂಬಿನ ಮೇಲೆ ತುಳಸಿ ಹರಡುವುದರಿಂದ ಪರಿಮಳ ಬಿಟ್ಟು ಹೆಚ್ಚೇನೂ ಸಿಗದು.

ನಿಜವಾದ ಕೆಲಸ ಸೀರಣಿಗೆಯದು, ಅಂದರೆ ಒತ್ತೊತ್ತಾದ ಸಣ್ಣ ಹಲ್ಲಿನ ಹಣಿಗೆಯದು. ಎಣ್ಣೆ ಹಚ್ಚಿ ಸಿಕ್ಕು ಬಿಡಿಸಿ, ಕೂದಲನ್ನು ಸಣ್ಣ ಸಣ್ಣ ಭಾಗಗಳಾಗಿ ತೆಗೆದುಕೊಂಡು ಬುಡದಿಂದ ತುದಿಯವರೆಗೆ ಬಾಚಿರಿ. ಪ್ರತಿ ಸಲವೂ ಹಣಿಗೆಯನ್ನು ಬಿಳಿ ಬಟ್ಟೆಗೆ ಒರೆಸಿದರೆ ಏನು ಬಂತೆಂದು ಕಾಣುತ್ತದೆ. ಕಿವಿಯ ಹಿಂದೆ ಮತ್ತು ಹಿಂಗತ್ತಿನ ಕೂದಲಲ್ಲಿ ನಿಧಾನವಾಗಿ ಹುಡುಕಿ. 3-4 ದಿನಗಳಿಗೊಮ್ಮೆ, ಕನಿಷ್ಠ ಎರಡು ವಾರ ಬಿಡದೆ ಮಾಡಬೇಕು. ಅಜ್ಜಿಯಿಂದ ಹಿಡಿದು ಮನೆಯವರೆಲ್ಲರ ತಲೆಯನ್ನೂ ಅದೇ ದಿನ ನೋಡಿ.

ಸೀತಾಫಲದ ವಿಷಯದಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇವೆ. ಮಳೆಗಾಲ ಮುಗಿಯುವ ಹೊತ್ತಿಗೆ ಬುಟ್ಟಿಗಟ್ಟಲೆ ಹಣ್ಣು ಮಾರಾಟಕ್ಕೆ ಬರುತ್ತದೆ, ಬೀಜವನ್ನು ಒಣಗಿಸಿ ಪುಡಿ ಮಾಡಿ ತಲೆಗೆ ಹಚ್ಚಲು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಪುಡಿ ಹೇನನ್ನು ಕೊಲ್ಲುವುದು ನಿಜ. ಆದರೆ ಸ್ನಾನ ಮಾಡಿಸುವಾಗ ಅದು ಕಣ್ಣಿಗೆ ಇಳಿದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಗೆ ಗಾಯವಾಗಿ ತೀವ್ರ ಉರಿ, ನೋವು ಬರುತ್ತದೆ, ದೃಷ್ಟಿ ಮಂಜಾಗುತ್ತದೆ. ಮಕ್ಕಳಿಗೆ ಖಂಡಿತ ಹಚ್ಚಬೇಡಿ. ಅಕಸ್ಮಾತ್ ಕಣ್ಣಿಗೆ ಬಿದ್ದರೆ ಉಜ್ಜದೆ, 15 ನಿಮಿಷವಾದರೂ ಶುದ್ಧ ನೀರು ಹರಿಸಿ ತೊಳೆದು ನೇರವಾಗಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ.

ಕರ್ಪೂರ ಬೆರೆಸಿದ ಎಣ್ಣೆಯೂ ಪುಟ್ಟ ಮಕ್ಕಳಿಗೆ ಬೇಡ. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಸೀಮೆಎಣ್ಣೆ, ಹೊಲಕ್ಕೆ ಸಿಂಪಡಿಸುವ ಕೀಟನಾಶಕ ಇವುಗಳನ್ನು ತಲೆಯ ಹತ್ತಿರಕ್ಕೂ ತರಬೇಡಿ.

ಎರಡು ವಾರ ಬಾಚಿದ ಮೇಲೂ ಜೀವಂತ ಹೇನು ಸಿಕ್ಕರೆ, ಅಥವಾ ಕೆರೆದ ಜಾಗ ಕೀವಾಗಿದ್ದರೆ, ಹತ್ತಿರದ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ. ಹೇನು ಕೊಲ್ಲುವ ಶೇ. 1ರ ಪರ್ಮೆಥ್ರಿನ್ ಲೋಷನ್ ಬರೆದುಕೊಟ್ಟರೆ ಎರಡನೆಯ ಬಾರಿ ಯಾವಾಗ ಹಚ್ಚಬೇಕೆಂದು ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ.