ವೆಲ್ಡಿಂಗ್ ಜನರೇಟರ್ ಓಡುತ್ತದೆ, ಕರೆಂಟ್ ಬರಲ್ಲ: ಏನು ನೋಡಬೇಕು?

ಗೋವಾದ ವಾಸ್ಕೋ, ವೆರ್ಣಾ ಕಡೆ ಫ್ಯಾಬ್ರಿಕೇಶನ್ ಮಾಡುವ ನಮ್ಮವರ ಶೆಡ್‌ಗಳಲ್ಲಿ ಚೌತಿ ಕಳೆದ ಮೇಲೆ ಇದೇ ಗೋಳು. ಮಳೆಗಾಲವಿಡೀ ತಾಡಪತ್ರಿ ಕೆಳಗೆ ಬಿದ್ದಿದ್ದ ಡೀಸೆಲ್ ವೆಲ್ಡಿಂಗ್ ಮಷೀನ್ ಶುರುವಾಗುತ್ತದೆ, ರಾಡ್ ತಾಗಿಸಿದರೆ ಕಿಡಿ ಇಲ್ಲ. ‘ವೈಂಡಿಂಗ್ ಸುಟ್ಟಿದೆ’ ಅಂತ ಯಾರೋ ಹೇಳುತ್ತಾರೆ, ಮಷೀನ್ ಟೆಂಪೋ ಹತ್ತುತ್ತದೆ. ಸುಟ್ಟ ವಾಸನೆ ಇಲ್ಲದಿದ್ದರೆ ಅವಸರ ಬೇಡ. ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ತಾಗಿ ಕರೆಂಟ್ ಹೊರತರುವ ಇಂಗಾಲದ ತುಂಡು) ಇರುವ ಹಳೇ ಡಿಸಿ ಮಷೀನ್ ಆದರೆ ಮೊದಲು ಇಷ್ಟು ನೋಡಿ.

1. ಕೇಬಲ್ ಜಾಯಿಂಟ್, ಅರ್ತ್ ಕ್ಲ್ಯಾಂಪ್ ಬಿಗಿ ಇದೆಯಾ? ಇಂಜಿನ್ ಸ್ಪೀಡ್ ಪ್ಲೇಟಿನಲ್ಲಿ ಬರೆದಷ್ಟು ಇದೆಯಾ? ಹಲವು ಡೀಸೆಲ್ ಸೆಟ್‌ಗಳಿಗೆ ಅದು ನಿಮಿಷಕ್ಕೆ 1500 ಸುತ್ತು.

2. ಮಲ್ಟಿಮೀಟರ್ ಡಿಸಿಗೆ ಹಾಕಿ, ವೆಲ್ಡಿಂಗ್ ಮಾಡದೆ ಔಟ್‌ಪುಟ್ ಅಳೆಯಿರಿ. ಸಾಮಾನ್ಯವಾಗಿ 60ರಿಂದ 90 ವೋಲ್ಟ್ ಬರಬೇಕು. ಎರಡು ಮೂರು ವೋಲ್ಟ್ ತೋರಿಸಿದರೆ ಬ್ರಷ್ ಅಥವಾ ಫೀಲ್ಡ್ (ಒಳಗೆ ಅಯಸ್ಕಾಂತ ಶಕ್ತಿ ಹುಟ್ಟಿಸುವ ಸುರುಳಿ) ವೈರ್ ಮೇಲೆ ಅನುಮಾನ ಪಡಿ. ಪೂರ್ತಿ ಸೊನ್ನೆ ಅಂದರೆ ಪೋಲ್‌ಗಳಲ್ಲಿ, ಅಂದರೆ ಆ ಸುರುಳಿ ಸುತ್ತಿದ ಕಬ್ಬಿಣದಲ್ಲಿ, ಉಳಿದಿರಬೇಕಾದ ಅಯಸ್ಕಾಂತ ಶಕ್ತಿ ಹೋಗಿರಬಹುದು.

3. ಎಲ್ಲರೂ ಕೆಡಿಸುವುದು ಇಲ್ಲೇ. ಇಂಜಿನ್ ನಿಲ್ಲಿಸಿ, ಬ್ಯಾಟರಿ ವೈರ್ ಕಳಚಿ. ಒಂದೊಂದೇ ಬ್ರಷ್ ಎತ್ತಿ ಬಿಡಿ. ಹೋಲ್ಡರ್‌ನಲ್ಲಿ ಸಲೀಸಾಗಿ ಜಾರಿ ಕೂರಬೇಕು. ಉಪ್ಪು ಗಾಳಿಗೆ ತುಕ್ಕು ಹಿಡಿದು ಎಷ್ಟೋ ಸಲ ಮೇಲೇ ಸಿಕ್ಕಿಕೊಂಡಿರುತ್ತದೆ. ಅರ್ಧಕ್ಕಿಂತ ಜಾಸ್ತಿ ಸವೆದಿದ್ದರೆ ಬದಲಿಸಿ. ಅಳತೆ ಕೂಡುತ್ತದೆ ಅಂತ ಸ್ಟಾರ್ಟರ್ ಮೋಟರ್ ಬ್ರಷ್ ತುರುಕಬೇಡಿ. ಅದರಲ್ಲಿ ತಾಮ್ರ ಜಾಸ್ತಿ, ಕಮ್ಯುಟೇಟರ್ (ಬ್ರಷ್ ಉಜ್ಜುವ, ತಾಮ್ರದ ಪಟ್ಟಿಗಳ ಉರುಳೆ) ತಿನ್ನುತ್ತದೆ.

ಕಮ್ಯುಟೇಟರ್ ಚಾಕೊಲೇಟ್ ಬಣ್ಣದಲ್ಲಿ ನಯವಾಗಿದ್ದರೆ ಮುಟ್ಟಲೇಬೇಡಿ, ಅದು ಆರೋಗ್ಯದ ಬಣ್ಣ. ಕಪ್ಪಗಿದ್ದರೆ ಮಾತ್ರ ನಯವಾದ ಸ್ಯಾಂಡ್ ಪೇಪರ್ ಮರದ ತುಂಡಿಗೆ ಸುತ್ತಿ, ಮಷೀನನ್ನು ಕೈಯಲ್ಲಿ ತಿರುಗಿಸುತ್ತಾ ಉಜ್ಜಿ. ಎಮೆರಿ ಪೇಪರ್ ಬೇಡವೇ ಬೇಡ. ಅದರ ಪುಡಿ ಪಟ್ಟಿಗಳ ನಡುವೆ ಕೂತು ಶಾರ್ಟ್ ಮಾಡುತ್ತದೆ. ಹೊಸ ಬ್ರಷ್ ಆದರೆ ಅದರ ಕೆಳಗೆ ಸ್ಯಾಂಡ್ ಪೇಪರ್ ಪಟ್ಟಿ ಇಡಿ, ಒರಟು ಮುಖ ಬ್ರಷ್ ಕಡೆ ಇರಲಿ. ಮಷೀನ್ ತಿರುಗುವ ದಿಕ್ಕಿಗೇ ಎಳೆಯಿರಿ, ವಾಪಸ್ ತರುವಾಗ ಬ್ರಷ್ ಎತ್ತಿ. ಕೊನೆಗೆ ಬ್ಲೋವರ್‌ನಿಂದ ಪುಡಿ ಊದಿಬಿಡಿ.

4. ತೇವ ಇದ್ದರೆ ಒಳಗೆ ರಾತ್ರಿಯಿಡೀ 100 ವ್ಯಾಟಿನ ಹಳೇ ಬಲ್ಬ್ ಉರಿಸಿ. ಎಲ್‌ಇಡಿ ನಡೆಯಲ್ಲ, ಬಿಸಿ ಬೇಕು.

5. ಇನ್ನೂ ಸೊನ್ನೆಯೇ? ಹಾಗಾದರೆ ಹೋದ ಅಯಸ್ಕಾಂತ ಶಕ್ತಿ ಮತ್ತೆ ತುಂಬಲು ಫೀಲ್ಡಿಗೆ ಬ್ಯಾಟರಿ ಕೊಡಬೇಕು. ಇಂಜಿನ್ ನಿಂತಿರಲಿ. ಫೀಲ್ಡ್ ವೈರ್‌ಗಳನ್ನು ಡಯೋಡ್, ಬೋರ್ಡ್‌ನಿಂದ ಬಿಡಿಸಿ. ಬ್ರಷ್ ಕೆಳಗೆ ದಪ್ಪ ಕಾಗದ ಸೇರಿಸಿ. 12 ವೋಲ್ಟ್ ಬ್ಯಾಟರಿಯ ಪ್ಲಸ್ ಫೀಲ್ಡ್ ಪ್ಲಸ್‌ಗೆ, ಮೈನಸ್ ಮೈನಸ್‌ಗೆ, ಕೆಲವೇ ಸೆಕೆಂಡು. ಬಿಡಿಸುವಾಗ ಜೋರಾಗಿ ಕಿಡಿ ಹಾರುತ್ತದೆ. ಬರಿ ವೈರ್ ಹಿಡಿಯಬೇಡಿ. ಬ್ಯಾಟರಿ ಕಡೆಯ ಬದಲು ಫೀಲ್ಡ್ ಕಡೆಯ ತುದಿ ಬಿಡಿಸಿ. ಉಲ್ಟಾ ಕೊಟ್ಟರೆ ಔಟ್‌ಪುಟ್ ಕೂಡ ಉಲ್ಟಾ. 6013 ನಂಬರ್ ರಾಡ್ ಪ್ಲಸ್, ಮೈನಸ್ ಎರಡಕ್ಕೂ ನಡೆಯುವುದರಿಂದ ಗೊತ್ತೇ ಆಗಲ್ಲ, ಪ್ಲಸ್ಸೇ ಬೇಕಾದ 7018 ಹಿಡಿದಾಗ ತೊಂದರೆ ಶುರು.

ಕಾಗದ ತೆಗೆದು, ವೈರ್ ಜೋಡಿಸಿ, ಇಂಜಿನ್ ಹಚ್ಚಿ. ಬ್ರಷ್ ಅಂಚಿನಲ್ಲಿ ಸಣ್ಣ ಕಿಡಿ ಪರವಾಗಿಲ್ಲ. ಕಮ್ಯುಟೇಟರ್ ಸುತ್ತಲೂ ಬೆಂಕಿಯ ಬಳೆ ಕಂಡರೆ ಕೂಡಲೇ ನಿಲ್ಲಿಸಿ. ಆಮೇಲೆ ಆರ್ಮೇಚರ್ (ವೈಂಡಿಂಗ್ ಇರುವ ತಿರುಗುವ ಭಾಗ) ಬಿಚ್ಚಿಯೇ ನೋಡಬೇಕು, ಅದು ರಿಪೇರಿ ಅಂಗಡಿಯವರ ಕೆಲಸ.