ಅಡಿಕೆ ಸಿಪ್ಪೆಗೆ ಊರ ಕಸ ಬೆರೆಸಿದೆ, ಗೊಬ್ಬರವಾಯಿತು

ಅಡಿಕೆ ಸಿಪ್ಪೆ ಬೇಗ ಕೊಳೆಯುವ ವಸ್ತುವಲ್ಲ ಎಂದು ಇಪ್ಪತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನೇ. ಈಗ ಅದೇ ಸಿಪ್ಪೆಯಿಂದ ಹೆಚ್ಚುಕಡಿಮೆ ಐದು ತಿಂಗಳಿಗೆ ಗೊಬ್ಬರ ತೆಗೆಯುತ್ತಿದ್ದೇನೆ. ನಕ್ಕವರೇ ಬಂದು ಒಯ್ಯುತ್ತಿದ್ದಾರೆ, ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಜೆಒಸಿ, ಅಂದರೆ ಪಿಯು ಮಟ್ಟದ ವೃತ್ತಿಶಿಕ್ಷಣ ಕೋರ್ಸಿನಲ್ಲಿ ಕೃಷಿ ಮೇಷ್ಟ್ರಾಗಿದ್ದೆ. ಕೋರ್ಸ್ ಮುಚ್ಚಿದ ಮೇಲೆ ಬೇರೆ ಇಲಾಖೆಯಲ್ಲಿ ಕಡತ ನೋಡಿ ನಿವೃತ್ತನಾದೆ. ಹಳೆಯ ಶಿಷ್ಯರು ಬಿಡಲಿಲ್ಲ. 2018ರಲ್ಲಿ ಪಟ್ಟಣ ಪಂಚಾಯಿತಿಗೆ ಪಕ್ಷೇತರನಾಗಿ ನಿಂತು ಹನ್ನೊಂದು ಮತಗಳಿಂದ ಗೆದ್ದೆ. ಅಧ್ಯಕ್ಷ ಸ್ಥಾನದ ಮೀಸಲಾತಿ ತಕರಾರು ಕೋರ್ಟಿಗೆ ಹೋಗಿ ಎರಡು ವರ್ಷ ಸಭೆಯೇ ಕೂರಲಿಲ್ಲ. ಮನೆ ಮುಂದೆ ಸದಸ್ಯನೆಂಬ ಬೋರ್ಡು, ಕೈಯಲ್ಲಿ ಕೆಲಸವಿಲ್ಲ. ಆ ಬಿಡುವಿನಲ್ಲೇ ಹಿತ್ತಿಲಲ್ಲಿ ಮೊದಲ ರಾಶಿ ಹಾಕಿದ್ದು.

ಸುಲಿತ ಶುರುವಾದರೆ ನಮ್ಮ ಕಡೆ ರಸ್ತೆಯುದ್ದಕ್ಕೂ ಸಿಪ್ಪೆ ಸುರಿದು ಬೆಂಕಿ ಇಡುತ್ತಾರೆ, ಹೊಗೆ ವಾರಗಟ್ಟಲೆ ಆರುವುದಿಲ್ಲ. ಇತ್ತ ಕಸದ ಘಟಕದಲ್ಲಿ ಹಸಿ ಕಸ ನಾರುತ್ತದೆ. ಎರಡನ್ನೂ ಸೇರಿಸಿದರಾಯಿತು ಎಂದುಕೊಂಡೆ. ಹೊಸ ಸಿಪ್ಪೆಯನ್ನು ಆರಡಿ ಎತ್ತರಕ್ಕೆ ಒಟ್ಟಿ, ನಡುನಡುವೆ ಕಸ ಹಾಕಿ, ಕೊಳೆಸುವ ಶಿಲೀಂಧ್ರ ಟ್ರೈಕೋಡರ್ಮಾ ಎರಚಿದೆ. ಮೂರು ತಿಂಗಳ ನಂತರ ಬಗೆದರೆ ಒಳಗೆ ಹಳೇ ಹಾಸಿಗೆಯ ನಾರಿನಂತೆ ಒಣಗಿ ಕುಳಿತಿತ್ತು. ಸುರಿದ ನೀರೆಲ್ಲ ಪಕ್ಕದಿಂದ ಇಳಿದುಹೋಗಿತ್ತು. ಟ್ರ್ಯಾಕ್ಟರ್ ಬಾಡಿಗೆ, ಕೂಲಿ ಸೇರಿ ಹದಿನೆಂಟು ಸಾವಿರ ಹೋಯಿತು. ಮರುವರ್ಷ ಕಸ ಹೆಚ್ಚು ಮಾಡಿದೆ. ಮಳೆಗೆ ಕಪ್ಪು ನೀರು ಇಳಿದು ಪಕ್ಕದ ಮನೆಯ ಚರಂಡಿ ಸೇರಿತು. ನನ್ನ ವಾರ್ಡಿನವರೇ ನನ್ನ ಮೇಲೆ ಅರ್ಜಿ ಕೊಟ್ಟರು. ಕಚೇರಿಯವರು ಅದನ್ನು ನನ್ನ ಕೈಗೇ ಕೊಟ್ಟು, “ಸ್ಥಳ ಪರಿಶೀಲನೆ ನೀವೇ ಮಾಡಿ ಮೇಷ್ಟ್ರೇ” ಎಂದು ನಕ್ಕರು. ಹೆಂಡತಿ ನಗಲಿಲ್ಲ.

ದಾರಿ ತೋರಿಸಿದ್ದು ಹಳೇ ಸಿಪ್ಪೆ. ಬಯಲಲ್ಲಿ ಒಂದು ಮಳೆಗಾಲ ನೆಂದ ಸಿಪ್ಪೆ ಮಾತ್ರ ನೀರು ಹಿಡಿಯುತ್ತದೆ. ಅದನ್ನು ಸಗಣಿ ನೀರಿನಲ್ಲಿ ಎರಡು ದಿನ ನೆನೆಹಾಕಿ, ಎರಡು ಬುಟ್ಟಿಗೆ ಒಂದು ಬುಟ್ಟಿ ಹಸಿ ಕಸದಂತೆ ಬೆರೆಸಿದೆ. ಎತ್ತರ ನಾಲ್ಕಡಿ ದಾಟಬಾರದು. ಎಂಟನೇ ದಿನ, ಹದಿನಾರನೇ ದಿನ ಮಗುಚುವುದು, ಆಮೇಲೆ ಹದಿನೈದು ದಿನಕ್ಕೊಮ್ಮೆ. ಮೂರನೇ ಸಲ ಮಗುಚುವಾಗ ಇನ್ನೊಂದು ಬುಟ್ಟಿ ಸಾಮಾನು ಬೀಳುತ್ತದೆ. ಅದು ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಅಷ್ಟು ಹೇಳುತ್ತೇನೆ.

ಥರ್ಮಾಮೀಟರ್ ಕೊಂಡಿದ್ದೆ, ಮುರಿಯಿತು. ಈಗ ಹಾರೆಯೇ ಸಾಕು. ರಾಶಿಯ ಹೊಟ್ಟೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು, ಎಳೆದು, ತುದಿಯನ್ನು ಅಂಗೈಯಲ್ಲಿ ಹಿಡಿಯುವುದು. ಐದು ಎಣಿಸುವುದರೊಳಗೆ ಬಿಡಬೇಕೆನಿಸಿದರೆ ಒಳಗೆ ಅರವತ್ತರ ಹತ್ತಿರ ಕಾವಿದೆ ಎಂದೇ ನನ್ನ ಲೆಕ್ಕ. 55 ಡಿಗ್ರಿ ಮೂರು ದಿನ ನಿಂತರೆ ಕಳೆಬೀಜದ ಚಿಂತೆ ಬಹುಪಾಲು ಮುಗಿಯಿತು. ಘಟಕದ ಪೌರಕಾರ್ಮಿಕ ಹೆಂಗಸೊಬ್ಬರು ಇದರಲ್ಲಿ ನನ್ನನ್ನು ಮೀರಿಸಿದ್ದಾರೆ. “ಮೇಷ್ಟ್ರೇ, ಇವತ್ತು ಮೂರಕ್ಕೇ ಕೈ ಬಿಟ್ಟೆ” ಎಂದರೆ ನಾನು ಮತ್ತೆ ಮುಟ್ಟಿ ನೋಡುವುದಿಲ್ಲ.

ನಡುವೆ ಅಡಿಕೆ ಬೇಯಿಸಿ ಉಳಿದ ಒಗರು ನೀರು, ಅಂದರೆ ಚೊಗರು ಹುಯ್ದು ನೋಡಿದೆ, ವ್ಯರ್ಥವಾಗಬಾರದೆಂಬ ಆಸೆ. ಆ ರಾಶಿ ತಿಂಗಳಾದರೂ ಬಿಸಿಯಾಗಲೇ ಇಲ್ಲ. ಒಗರಿನ ಮುಂದೆ ಸೂಕ್ಷ್ಮಜೀವಿಗಳೂ ಸೋತವು. ಬಿಸಿ ಆರುವ ಮೊದಲೇ ಎರೆಹುಳು ಬಿಟ್ಟು ಎರಡು ಕಿಲೋ ಸಾಯಿಸಿದ್ದು ಮಾತ್ರ ಶುದ್ಧ ಅವಸರ. ಪಾಠ ಮಾಡಿದ ಮೇಷ್ಟ್ರೇ ಫೇಲು.

ಸಭೆ ಕೂರತೊಡಗಿದ ಮೇಲೆ ಜಗಳವಾಡಿ ಘಟಕದ ಶೆಡ್ಡಿನಲ್ಲಿ ಒಂದು ಮೂಲೆ ಪಡೆದೆ. ಮಾರಾಟಕ್ಕೆ ನಾಲ್ಕು ಮಿಲಿಮೀಟರ್ ಜರಡಿ ಬೇಕು. ಸಿಪ್ಪೆಯ ನಾರು ಸಿಕ್ಕಿಕೊಂಡು ಗಂಟೆಗೊಮ್ಮೆ ಬ್ರಷ್ ಹಿಡಿಯಬೇಕು. ಕಲ್ಯಾಣ ಮಂಟಪದ ಬಾಳೆಲೆ ಚಿನ್ನದಂಥ ಮಾಲು, ಆದರೆ ಅದರೊಳಗೆ ಮಡಚಿ ಕುಳಿತ ಪ್ಲಾಸ್ಟಿಕ್ ಲೋಟ ಆರಿಸುವಷ್ಟರಲ್ಲಿ ಸೊಂಟ ಬೀಳುತ್ತದೆ.

ಮೊದಲ ಸಲ ಆರು ಟನ್ ಬಂತು, ಕಿಲೋಗೆ ನಾಲ್ಕು ರೂಪಾಯಿ ಇಟ್ಟೆವು. ಊರ ಕಸವನ್ನು ತೋಟಕ್ಕೆ ಯಾರು ಹಾಕುತ್ತಾರೆ ಎಂದು ಯಾರೂ ಮುಟ್ಟಲಿಲ್ಲ. ನನ್ನ ನಲವತ್ತು ಮರಗಳ ಬುಡಕ್ಕೇ ಹಾಕಿದೆ, ಒಂದು ವರ್ಷ ಎಲ್ಲರೂ ನೋಡಿದರು. ಎರಡನೇ ಸಲದ್ದು ಇಪ್ಪತ್ತು ಸಾವಿರದ ಮೇಲೆ ತಂದಿತು, ಕೂಲಿ ಕಳೆದು ಏಳೆಂಟು ಸಾವಿರ ಉಳಿದಿರಬೇಕು. ಮೊದಲು ತಮ್ಮ ಅಡಿಕೆ ಸಿಪ್ಪೆಯನ್ನು “ಒಯ್ದರೆ ಸಾಕು” ಎಂದು ಬಾಡಿಗೆಯನ್ನೂ ತಾವೇ ಕೊಡುತ್ತಿದ್ದವರು ಈ ವರ್ಷ ಸಿಪ್ಪೆಗೆ ಲೋಡಿಗೆ ಐನೂರು ಕೇಳುತ್ತಿದ್ದಾರೆ.